ಮುನ್ನೂರ ಹನ್ನೆರಡು ತಲೆಬರಹಗಳು

ಹನ್ನೊಂದು ವರ್ಷ ಕೂತು ಒಂದು ಕಾದಂಬರಿ ಬರೆದವನನ್ನು ಲೋಕ ಏನೇನು ಕೇಳಬಹುದು? ಪ್ರೇರಣೆ ಎಲ್ಲಿಂದ ಬಂತು ಎನ್ನಬಹುದು. ನಾಯಕನ ದುಃಖಕ್ಕೆ ಮೂಲವೇನು ಎನ್ನಬಹುದು. ಇವಕ್ಕೆಲ್ಲ ನಾನು ಸ್ನಾನದ ಮನೆಯಲ್ಲಿ ಉತ್ತರ ಅಭ್ಯಾಸ ಮಾಡಿಟ್ಟುಕೊಂಡಿದ್ದೆ. ಆದರೆ ಗುರುವಾರ ಮಧ್ಯಾಹ್ನ ಪ್ರಕಾಶಕರು ಫೋನ್ ಮಾಡಿ ಕೇಳಿದ್ದು ಇಷ್ಟೇ:

“ಸಾರ್, ಅಧ್ಯಾಯದ ತಲೆಬರಹಗಳಿಗೆ ಸ್ಟೈಲ್ ಹಾಕಿದ್ದೀರಾ?”

“ನನ್ನ ಬರವಣಿಗೆಗೆ ತನ್ನದೇ ಆದ ಶೈಲಿ ಇದೆ ಅಂತ ಓದಿದವರು ಹೇಳ್ತಾರೆ” ಎಂದೆ. (ಅಲ್ಲಿಯವರೆಗೆ ಅದನ್ನು ಓದಿದವನು ನಾನೊಬ್ಬನೇ.)

“ಅದಲ್ಲ ಸಾರ್. ಕಂಪ್ಯೂಟರ್‌ನಲ್ಲಿ ಹೆಡಿಂಗ್ ಸ್ಟೈಲ್ ಅಂತ ಇರುತ್ತೆ. ಅದನ್ನ ಹಾಕಿದ್ರೆ ಪರಿವಿಡಿ ತಾನಾಗೇ ಬರುತ್ತೆ. ನಾನು ಮೊದಲು ಓದೋದು ಪರಿವಿಡಿ. ಅದು ಹಿಡಿಸಿದ್ರೆ ಮುಂದಕ್ಕೆ, ಇಲ್ಲದಿದ್ರೆ ಅಲ್ಲಿಗೇ ಮುಗೀತು. ಶನಿವಾರ ಹನ್ನೆರಡು ಗಂಟೆ ಒಳಗೆ ಕಳಿಸಿಬಿಡಿ. ಆಮೇಲೆ ಬಂದದ್ದನ್ನ ಮುಂದಿನ ವರ್ಷ ನೋಡ್ತೀವಿ.”

ಮುಂದಿನ ವರ್ಷದವರೆಗೆ ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ದೂರುಗಳ ಗುಮಾಸ್ತ. ಅಲ್ಲಿ ಎಲ್ಲರೂ ಹನ್ನೊಂದು ವರ್ಷದಿಂದ “ಕಾದಂಬರಿ ಹೇಗಿದೆ?” ಎಂದು ಕೇಳುತ್ತಾರೆ. ಹಾಸಿಗೆ ಹಿಡಿದ ಹಿರಿಯರನ್ನು ವಿಚಾರಿಸುವ ದನಿ ಅದು. ಕಳೆದ ತಿಂಗಳು ಸಿಟ್ಟು ಬಂದು, ಮೇಲಧಿಕಾರಿಗಳ ಎದುರಿಗೇ “ಅಚ್ಚಿಗೆ ಹೋಗಿದೆ” ಎಂದುಬಿಟ್ಟಿದ್ದೆ. ಹಾಗೆ ಹೇಳಿದ ಮೇಲೆ ಮುಂದಿನ ವರ್ಷದವರೆಗೆ ಅದೇ ಕುರ್ಚಿಯಲ್ಲಿ ಹೇಗೆ ಕೂರುವುದು?

ಇನ್ನು ನನ್ನ ಹೆಂಡತಿಯ ವಿಷಯ. ಇವಳು ವಕೀಲರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೆರಳಚ್ಚು ಮಾಡುತ್ತಿದ್ದಾಳೆ. ಆರುನೂರು ಪುಟದ ದಾವೆಗೆ ತಲೆಬರಹ, ಪುಟಸಂಖ್ಯೆ, ಪರಿವಿಡಿ ಎಲ್ಲವನ್ನೂ ಹಾಕಿ, ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮುಗಿಸಿರುತ್ತಾಳೆ. ಪಕ್ಕದ ಕೋಣೆಯಲ್ಲೇ ಗಂಗೆ ಹರಿಯುತ್ತಿರುವಾಗ ನಾನು ಬಾಯಾರಿ ಸಾಯಬೇಕೆ ಎಂದು ನೀವು ಕೇಳಬಹುದು. ಸಾಯಬೇಕು. ಕಾರಣ ಇದೆ.

ನನ್ನ ಕಾದಂಬರಿಯ ಹೆಸರು ‘ಮೌನಾಗ್ನಿಯ ಮಡಿಲಲ್ಲಿ’. ಅದರಲ್ಲಿ ಒಬ್ಬ ನಾಯಕ ಇದ್ದಾನೆ. ಸೂಕ್ಷ್ಮಮತಿ, ಮಿತಭಾಷಿ, ನಲವತ್ತಮೂರು ಅಧ್ಯಾಯಗಳಲ್ಲಿ ಬಾಯಿ ಬಿಟ್ಟು “ಹೂಂ” ಎನ್ನುವುದರ ಹೊರತು ಬೇರೇನೂ ಹೇಳುವುದಿಲ್ಲ. ಉಳಿದದ್ದೆಲ್ಲ ಅವನ ಅಂತರಂಗದಲ್ಲೇ ನಡೆಯುತ್ತದೆ. ಅವನಿಗೊಬ್ಬಳು ಹೆಂಡತಿ. ಅವಳು ಅಂತರಂಗದಲ್ಲಿ ಏನನ್ನೂ ಇಟ್ಟುಕೊಳ್ಳುವವಳಲ್ಲ. ಅವಳ ಮಾತುಗಳನ್ನು ನಾನು ಕಲ್ಪಿಸಿಕೊಂಡು ಬರೆದೆ ಎಂದರೆ ಸುಳ್ಳಾಗುತ್ತದೆ. ಅಡುಗೆಮನೆಯಿಂದ ಬಂದದ್ದನ್ನು ಬಂದ ಹಾಗೆಯೇ, ಬಿಸಿ ಆರುವ ಮೊದಲು ಬರೆದುಕೊಂಡದ್ದು. ಈ ಹಸ್ತಪ್ರತಿ ಇವಳ ಕಣ್ಣಿಗೆ ಬೀಳುವುದೂ ಒಂದೇ, ನಾನು ಮನೆ ಬಿಟ್ಟು ಹೋಗುವುದೂ ಒಂದೇ.

ಮೊದಲ ಅಧ್ಯಾಯ ಬರೆಯುವಾಗಲೇ ಆ ಹೆಂಗಸಿನ ದನಿ ಪುಟದಿಂದ ಹೊರಗೆ ಕೇಳಿಸಬೇಕು ಅನ್ನಿಸಿತ್ತು. ಕಚೇರಿಯ ರವಾನೆ ವಿಭಾಗದ ಗೆಳೆಯ ಆಗ ಒಂದು ಉಪಾಯ ಹೇಳಿಕೊಟ್ಟಿದ್ದ. ಪರದೆಯ ಮೇಲ್ಗಡೆ ಬಲಕ್ಕೆ ಒಂದು ಚೌಕ ಇದೆ, ಅದನ್ನು ಒಂದು ಸಲ ಒತ್ತಿದರೆ ಸಾಲಿಗೆ ಸಾಲೇ ದೊಡ್ಡದಾಗಿ ದಪ್ಪವಾಗುತ್ತದೆ. ಅಲ್ಲಿಂದ ಮುಂದೆ ಅವಳು ಬಾಯಿ ತೆರೆದಾಗಲೆಲ್ಲ ನಾನು ಆ ಚೌಕ ಒತ್ತಿದೆ. ಚೌಕದಲ್ಲಿ ಏನು ಬರೆದಿದೆ ಎಂದು ಓದಲಿಲ್ಲ. ಕೆಲಸ ಆಗುವಾಗ ಹೆಸರು ಕೇಳುವ ಅಭ್ಯಾಸ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ.

ಅಧ್ಯಾಯದ ತಲೆಬರಹಗಳಿಗೆ ಮಾತ್ರ ನಾನು ಯಂತ್ರದ ಸಹಾಯ ಪಡೆಯಲಿಲ್ಲ. ಅವು ಕೃತಿಯ ಕಿರೀಟ. ಹೊಸ ಪುಟ ಬರುವವರೆಗೆ ಎಂಟರ್ ಒತ್ತುವುದು, ಸಾಲಿನ ನಡುವಿಗೆ ಬರುವವರೆಗೆ ಸ್ಪೇಸ್ ಒತ್ತುವುದು (ಮೂವತ್ತೇಳು ಸಲ), ಆಮೇಲೆ ದಪ್ಪ ಮಾಡಿ ಅಡಿಗೆರೆ ಎಳೆಯುವುದು. ನಲವತ್ತಮೂರು ತಲೆಬರಹಗಳೂ ಹೀಗೆ ಕೈಯಾರೆ ಕೆತ್ತಿದವು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕೂತೆ. ಕೋಣೆಯ ಬಾಗಿಲನ್ನು ಮುಚ್ಚಿಯೂ ಮುಚ್ಚದ ಹಾಗೆ ಇಟ್ಟೆ, ಪೂರ್ತಿ ಮುಚ್ಚಿದರೆ ಅನುಮಾನ ಬರುತ್ತದೆ. ಇವಳಿಗೆ ರಜೆ. ಹೊರಗೆ ಬಟ್ಟೆ ಮಡಚುತ್ತಿದ್ದಳು. ಮೊದಲ ತಲೆಬರಹ ಸ್ವಲ್ಪ ಎಡಕ್ಕೆ ವಾಲಿದಂತೆ ಕಂಡು, ಅದನ್ನು ಸರಿಪಡಿಸೋಣ ಎಂದು ನಾಲ್ಕು ಸಲ ಸ್ಪೇಸ್ ಒತ್ತಿದೆನಷ್ಟೆ.

“ರೀ, ಸ್ಪೇಸ್ ಒತ್ತಿ ನಡುವಿಗೆ ತರ್ತಿದ್ದೀರಾ?” ಹೊರಗಿನಿಂದ ದನಿ ಬಂತು.

“ನಿಂಗೆ ಹೇಗೆ ಗೊತ್ತಾಯ್ತು?”

“ಸದ್ದು. ಆ ಕೀ ಸದ್ದೇ ಬೇರೆ. ನಮ್ಮ ಆಫೀಸಿಗೆ ಹೊಸದಾಗಿ ಬಂದೋರು ಮೊದಲ ವಾರ ಹಾಗೆ ಮಾಡ್ತಾರೆ. ಎರಡನೇ ವಾರ ನಾನಿರೋದ್ರಿಂದ ಮಾಡಲ್ಲ. ಏನು ಮಾಡ್ತಿದ್ದೀರಿ?”

“ಆಫೀಸಿಂದು. ಮೀಟರ್ ವರದಿ.”

“ಶನಿವಾರಾನಾ?”

“ಮೀಟರಿಗೆ ಶನಿವಾರ ಭಾನುವಾರ ಅಂತ ಇರುತ್ತಾ? ಓಡ್ತಾನೇ ಇರುತ್ತೆ.”

“ನಿಮ್ಮ ಆಫೀಸಿನ ಮೀಟರ್ ಓಡಿದ್ದನ್ನ ನಾನಂತೂ ನೋಡಿಲ್ಲ” ಎಂದು ಇವಳು ಬಾಗಿಲಿಗೆ ಬಂದಳು. ನಾನು ತಟ್ಟನೆ ಪರದೆಯನ್ನು ನನ್ನ ದೇಹದಿಂದ ಮರೆಮಾಡಿದೆ. (ಈ ವಯಸ್ಸಿನಲ್ಲಿ ನನ್ನ ದೇಹ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ ಅದು.) “ಕೊಡಿ ಇಲ್ಲಿ. ಹತ್ತು ನಿಮಿಷದ ಕೆಲಸ.”

“ಬೇಡ, ಗೌಪ್ಯ ವರದಿ. ಬಾಯಲ್ಲಿ ಹೇಳು ಸಾಕು. ವರದಿಯಲ್ಲಿ ಅಧ್ಯಾಯ ಇದೆ ಅಂದ್ಕೋ. ಪರಿವಿಡಿ ತಾನಾಗೇ ಬರಬೇಕು.”

“ಒಂದೊಂದೇ ತಲೆಬರಹದ ಮೇಲೆ ಕರ್ಸರ್ ಇಡಿ, ಮೇಲೆ ಬಲಗಡೆ ‘ಹೆಡಿಂಗ್ ಒಂದು’ ಅಂತ ಚೌಕ ಇದೆ, ಅದನ್ನ ಒತ್ತಿ. ಎಲ್ಲಾ ಮುಗಿದ ಮೇಲೆ ‘ಪರಿವಿಡಿ’ ಅಂತ ಇನ್ನೊಂದು ಗುಂಡಿ. ಎಲ್ಲೆಲ್ಲಿ ‘ಹೆಡಿಂಗ್ ಒಂದು’ ಇದೆಯೋ ಅವನ್ನೆಲ್ಲ ಹೆಕ್ಕಿ ತಂದು ಮೊದಲ ಪುಟದಲ್ಲಿ ಜೋಡಿಸುತ್ತೆ. ಒಂದನ್ನೂ ಬಿಡಲ್ಲ.”

“ಒಂದನ್ನೂ ಬಿಡಲ್ವಾ?”

“ಬಿಟ್ರೆ ಪರಿವಿಡಿ ಯಾಕೆ ಬೇಕು?” ಎಂದು ಹೇಳಿ ಬಟ್ಟೆಯ ಕಡೆ ಹೋದಳು.

ಇಷ್ಟು ಸುಲಭವಾಗಿ ಕಾರ್ಯ ಸಾಧಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು. ಆ ಚೌಕವನ್ನು ನೋಡಿದಾಗ ಎಲ್ಲೋ ಕಂಡ ಮುಖದ ಹಾಗೆ ಅನ್ನಿಸಿತು, ಆದರೆ ನಿಂತು ಯೋಚಿಸಲು ಪುರುಸೊತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನಲವತ್ತಮೂರು ಕಿರೀಟಗಳಿಗೂ ಹೆಡಿಂಗ್ ತೊಡಿಸಿ, ಮೊದಲ ಪುಟಕ್ಕೆ ಬಂದು, ಮನಸ್ಸಿನಲ್ಲೇ ಮಂಗಳ ಹಾಡಿ, ಪರಿವಿಡಿಯ ಗುಂಡಿ ಒತ್ತಿದೆ.

ಒಂದು ಪುಟದ ಪರಿವಿಡಿ ಬರಬೇಕಿತ್ತು. ಪುಟಗಳು ಬರುತ್ತಲೇ ಹೋದವು. ಒಂಬತ್ತಕ್ಕೆ ನಿಂತವು.

ಏಕಾಂತ ಶಿಖರಾರೋಹಣ ........ ೭೧
ಏಣಿ ಹತ್ತಬೇಡಿ, ಬಲ್ಬು ನಾನೇ ಹಾಕ್ತೀನಿ ........ ೭೨
ನಿಮ್ಮ ಅಕ್ಕ ಬಂದ್ರೆ ಬೆನ್ನುನೋವು ಹೋಗುತ್ತೆ, ನನ್ನ ತಮ್ಮ ಬಂದ್ರೆ ಬರುತ್ತೆ ........ ೭೪
ಅಂತರಂಗದ ಅಂಬುಧಿ ........ ೧೧೮
ಇರೋದು ನೀರಿನ ಆಫೀಸಲ್ಲಿ, ಮನೇಲಿ ಒಂದು ನಲ್ಲಿ ನಿಲ್ಲಿಸೋಕೆ ಬರಲ್ಲ ........ ೧೧೯
ಚಿಂತನೆಯ ಚಿತ್ಕಲಾ ಲೋಕ ........ ೧೩೫
ಯೋಚನೆ ಮಾಡ್ತಿದ್ದೆ ಅಂತೀರಿ, ಗೊರಕೆ ಹೊಡೀತಾ ಯೋಚನೆ ಮಾಡೋರನ್ನ ನಾನು ನೋಡಿಲ್ಲ ........ ೧೩೫

ಹನ್ನೊಂದು ವರ್ಷದಲ್ಲಿ ಆ ಚೌಕ ಒತ್ತಿದ ಪಾಪವೆಲ್ಲ ಸಾಲಾಗಿ ಬಂದು, ಪುಟಸಂಖ್ಯೆ ಸಮೇತ ನಿಂತಿತ್ತು. ಎಣಿಸಿದೆ. ನನ್ನ ಅಧ್ಯಾಯ ನಲವತ್ತಮೂರು. ಇವಳ ಮಾತು ಮುನ್ನೂರ ಹನ್ನೊಂದು.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ, ಅವಳ ಒಂದು ಮಾತನ್ನು ಹಿಡಿದು, ಆ ಚೌಕದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಬದಲಿಸು’ ಎಂದು ಕಂಡದ್ದರ ಒಳಗೆ ಹೋಗಿ ಅಕ್ಷರವನ್ನು ಸಣ್ಣದು ಮಾಡಿದ್ದು. ಅದು ಆ ಮಾತಿಗಲ್ಲ, ಹೆಡಿಂಗಿಗೇ ಹಾಕಿದ ಕತ್ತರಿ ಎಂದು ನನಗೇನು ಗೊತ್ತು? ಅವಳೊಬ್ಬಳ ದನಿ ತಗ್ಗಿಸಲು ಹೋದರೆ ನನ್ನ ನಲವತ್ತಮೂರು ಅಧ್ಯಾಯಗಳೂ ಇರುವೆ ಗಾತ್ರಕ್ಕೆ ಇಳಿದವು. ಅಧ್ಯಾಯಗಳನ್ನು ದೊಡ್ಡದು ಮಾಡಿದೆ, ಮುನ್ನೂರ ಹನ್ನೊಂದು ಕಡೆ ಅವಳೂ ಎದ್ದು ನಿಂತಳು. ಮನೆಯಲ್ಲೂ ಇದೇ ಪದ್ಧತಿ ಆದ್ದರಿಂದ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ.

ಗಂಟೆ ಹತ್ತೂವರೆ ಆಗಿತ್ತು. ಪರಿವಿಡಿಯನ್ನು ಅಚ್ಚು ಹಾಕಿ, ತೆಗೆಯಬೇಕಾದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಒಂದೊಂದನ್ನೇ ಹುಡುಕಿ ಹೆಡಿಂಗ್ ಕಳಚುವುದು ಎಂದು ತೀರ್ಮಾನಿಸಿದೆ. ನನ್ನ ಕಣ್ಣಿಗೆ ಅನುಕೂಲವಾಗಲಿ ಎಂದು ಅಕ್ಷರವನ್ನು ಚೆನ್ನಾಗಿ ದೊಡ್ಡದು ಮಾಡಿದೆ. ಮುದ್ರಣಯಂತ್ರ ನಡುಮನೆಯಲ್ಲಿದೆ. ಕಾಗದ ಬರುತ್ತಿರಲಿ ಎಂದು ಕೆಂಪು ಪೆನ್ನು ಹುಡುಕತೊಡಗಿದೆ. ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ. (ಕಾದಂಬರಿ, ಪುಟ ೪೬: ‘ವಸ್ತು ಕಳೆದುಹೋಗಲ್ಲ, ನೀವು ಇಟ್ಟಿರ್ತೀರಿ.’)

ಆಗ ನಡುಮನೆಯಿಂದ ಯಾರೋ ಗಟ್ಟಿಯಾಗಿ ಓದುವುದು ಕೇಳಿಸಿತು.

ನಮ್ಮ ಅತ್ತೆಯವರನ್ನು, ಎಂದರೆ ಇವಳ ತಾಯಿಯನ್ನು, ನಿಮಗೆ ಪರಿಚಯಿಸುವುದನ್ನು ಮರೆತೆ. ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ತಿಂಗಳಿಂದ ನಮ್ಮ ಮನೆಯಲ್ಲಿದ್ದಾರೆ. ವೈದ್ಯರು ದೊಡ್ಡ ಅಕ್ಷರ ಓದಿ ಅಭ್ಯಾಸ ಮಾಡಿ ಎಂದಿದ್ದಾರೆ. ಅವರು ಸೋಪಿನ ಡಬ್ಬಿ, ಔಷಧದ ಪೆಟ್ಟಿಗೆ, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ಓದಿ ಮುಗಿಸಿ, ಹೊಸ ಸಾಹಿತ್ಯಕ್ಕಾಗಿ ಹಸಿದು ಕೂತಿದ್ದರು. ಅಂಥವರ ಕುರ್ಚಿಯ ಪಕ್ಕದಲ್ಲೇ ಯಂತ್ರ ಬಿಸಿಬಿಸಿ ಕಾಗದ ಉಗುಳಿದರೆ ಅವರ ತಪ್ಪೇನು?

“‘ಸಹಾಯ ಮಾಡ್ತೀನಿ ಅಂತ ಅಡುಗೆಮನೆಗೆ ಬರಬೇಡಿ, ನನಗೆ ಒಬ್ಬಳ ಕೆಲಸ ಸಾಕು’” ಎಂದು ಓದಿ ಅತ್ತೆ ನಕ್ಕರು. “ಇದ್ಯಾರ ಮನೆ ಕಥೆಯೋ ಪಾಪ. ಹುಡುಗಿ ಜಾಣೆ. ಗಂಡನೇ ಸ್ವಲ್ಪ ಮಂಕು ಅನ್ಸುತ್ತೆ.”

“ಇನ್ನೊಂದು ಓದಮ್ಮ” ಎಂದಿತು ಇವಳ ದನಿ.

“‘ಕೋಪ ಏನೂ ಇಲ್ಲ, ಪಾತ್ರೆ ತೊಳೆಯುವಾಗ ಸದ್ದು ಬರುತ್ತೆ.’ ಇದೂ ಚೆನ್ನಾಗಿದೆ ಕಣೇ. ನೀನೂ ಹೀಗೇ ಅಂತಿರ್ತೀಯಲ್ಲ.”

ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಇವಳು ತಾಯಿಯ ಕೈಯಿಂದ ಕಾಗದ ತೆಗೆದುಕೊಂಡಳು. ಒಂದು ಹಾಳೆ ಓದಿದಳು. ಎರಡನೆಯದನ್ನೂ ಓದಿದಳು. ಇವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಅದಕ್ಕೆ ನನಗೆ ತರಬೇತಿ ಇದೆ. ಬೈಯಲಿಲ್ಲ.

“ಇದು ಮೀಟರ್ ವರದಿನಾ?”

“ಹೂಂ” ಎಂದೆ. ಆಮೇಲೆ “ಅಲ್ಲ” ಎಂದೆ.

ಇವಳು ಕೋಣೆಗೆ ಬಂದು ನನ್ನ ಕುರ್ಚಿಯಲ್ಲಿ ಕೂತಳು. ಇಲಿಯನ್ನು (ಕಂಪ್ಯೂಟರಿನದು) ಹಿಡಿದು ಕಾದಂಬರಿಯನ್ನು ಮೇಲಿನಿಂದ ಕೆಳಗೆ ಓಡಿಸಿದಳು. ದಪ್ಪ ಸಾಲುಗಳು ಒಂದರ ಹಿಂದೊಂದು ಹೋದವು. ಹೊರಗೆ ಅತ್ತೆ ಮೂರನೆಯ ಹಾಳೆಗೆ ಬಂದಿದ್ದರು.

“ಹನ್ನೊಂದು ವರ್ಷ ಬರೆದಿದ್ದೀರಿ. ಅಷ್ಟು ವರ್ಷದಲ್ಲಿ ನಾನು ಒಂದು ಒಳ್ಳೆ ಮಾತೂ ಆಡಿಲ್ವಾ?”

ನನಗೆ ನಿಜವಾಗಿ ನಾಚಿಕೆಯಾಯಿತು. ಮೌನಾಗ್ನಿ ಗೀನಾಗ್ನಿ ಎಲ್ಲ ಆರಿಹೋಯಿತು. “ಆಡಿದ್ದೀಯ. ಬರೆದಿದ್ದೀನಿ. ಅವನ್ನ ಸಣ್ಣ ಅಕ್ಷರದಲ್ಲಿ ಬರೆದಿದ್ದೀನಿ.”

“ಎಲ್ಲಿ, ತೋರಿಸಿ.”

ಇನ್ನೂರ ಮೂರನೆಯ ಪುಟ ತೆಗೆಸಿದೆ. ನಾಯಕನಿಗೆ ಟೈಫಾಯ್ಡ್ ಬಂದು ಒಂಬತ್ತು ದಿನ ಮಲಗಿರುವ ಸಂದರ್ಭ. (ನನಗೆ ಬಂದಿತ್ತು, ಕಾದಂಬರಿ ಶುರುಮಾಡಿದ ಎಂಟನೆಯ ವರ್ಷದಲ್ಲಿ.) ಎರಡೂವರೆ ಪುಟದ ಅಂತರಂಗದ ವೇದನೆಯ ನಡುವೆ ಒಂದು ಸಾಲು, ಅಕ್ಕಪಕ್ಕದ ಸಾಲಿನಷ್ಟೇ ಸಣ್ಣದು: ‘ನಾನಿದ್ದೀನಿ, ಮಲಗಿ.’

ಇವಳು ಅದನ್ನು ಓದಿದಳು. ಆಮೇಲೆ ಕರ್ಸರನ್ನು ಆ ಸಾಲಿನ ಮೇಲೆ ಇಟ್ಟು, ಮೇಲಿನ ಚೌಕ ಒತ್ತಿದಳು. ಸಾಲು ದೊಡ್ಡದಾಯಿತು.

“ಮೊದಲು ಹೀಗಿರಬೇಕು. ಎಷ್ಟು ಗಂಟೆಗೆ ಕಳಿಸ್ಬೇಕು?”

“ಹನ್ನೆರಡಕ್ಕೆ. ಅವರು ಮೊದಲು ಪರಿವಿಡಿ ಓದ್ತಾರಂತೆ. ಅದರಲ್ಲಿ ಅಧ್ಯಾಯ ಮಾತ್ರ ಬರಬೇಕು, ಇಲ್ಲದಿದ್ರೆ ನನ್ನ ಮಾನ ಹೋಗುತ್ತೆ.”

“ಮೊದಲು ಪರಿವಿಡಿ ಓದ್ತಾರಾ” ಎಂದು ಇವಳು ತನಗೇ ಹೇಳಿಕೊಂಡಳು. “ಹೊರಗೆ ಹೋಗಿ ಕೂತ್ಕೊಳ್ಳಿ. ಇಲ್ಲಿ ನಿಂತು ಉಸಿರು ಬಿಡಬೇಡಿ.”

ಹೊರಗೆ ಕೂತೆ. ಅತ್ತೆ ನನಗೆ ಪರಿವಿಡಿ ಓದಿ ಹೇಳಿದರು. ನಡುನಡುವೆ ನನ್ನ ಅಧ್ಯಾಯಗಳ ಹೆಸರು ಬಂದಾಗ “ಇದೇನು, ಮಾತ್ರೆ ಹೆಸರಾ?” ಎಂದು ಕೇಳಿ ಬಿಟ್ಟುಬಿಡುತ್ತಿದ್ದರು. ಒಳಗಿನಿಂದ ಆಗಾಗ ಇವಳ ಪ್ರಶ್ನೆ ಬರುತ್ತಿತ್ತು.

“ರೀ, ‘ನಿಮಗೆ ಬುದ್ಧಿ ಇಲ್ಲ’ ಅಂತ ಬರೆದಿದ್ದೀರಿ. ನಾನು ಹಾಗೆ ಅಂದಿಲ್ಲ. ‘ಬುದ್ಧಿ ಇದೆ, ಯಾರಿಗಾದ್ರೂ ಬೇಕಾದೀತು ಅಂತ ಹಾಗೇ ಎತ್ತಿಟ್ಟಿದ್ದೀರಿ’ ಅಂದಿದ್ದೆ.”

“ಹೂಂ.”

“ತಿದ್ದಿದ್ದೀನಿ. ಬೈದಿದ್ದು ನಾನು ಅಂದ ಮೇಲೆ ಸರಿಯಾಗಾದ್ರೂ ಇರಲಿ.”

ಹೀಗೆ ಹತ್ತೊಂಬತ್ತು ಕಡೆ ತಿದ್ದಿದಳು. ಹನ್ನೊಂದು ಐವತ್ತೈದಕ್ಕೆ ಹೊರಗೆ ಬಂದು, “ಕಳಿಸಿದೆ” ಎಂದಳು.

“ಪರಿವಿಡಿ?”

“ಸರಿಯಾಯ್ತು. ಎರಡಕ್ಕೂ ಒಂದೇ ಹೆಡಿಂಗ್ ಹಾಕಿದ್ರಿ, ಬೇರೆ ಬೇರೆ ಮಾಡಿದೆ. ಈಗ ಬರಬೇಕಾದ್ದು ಮಾತ್ರ ಬಂದಿದೆ.”

ಎಷ್ಟು ದೊಡ್ಡ ಮನಸ್ಸು, ಎಂದುಕೊಂಡೆ. ಆ ಮಧ್ಯಾಹ್ನ ಯಾರೂ ಹೇಳದೆ ಒದ್ದೆ ಟವೆಲನ್ನು ಹಾಸಿಗೆಯಿಂದ ತೆಗೆದು ಹಗ್ಗಕ್ಕೆ ಹಾಕಿದೆ.

ಸೋಮವಾರ ಹನ್ನೊಂದು ಗಂಟೆಗೆ ಕಚೇರಿಯಲ್ಲಿದ್ದಾಗ ಪ್ರಕಾಶಕರ ಫೋನ್ ಬಂತು. ಈ ಗಳಿಗೆಗಾಗಿ ಹನ್ನೊಂದು ವರ್ಷ ಕಾದವನು ನಾನು. ಫೋನನ್ನು ಎಲ್ಲರಿಗೂ ಕೇಳಿಸುವ ಹಾಗೆ ಮಾಡಿ ಮೇಜಿನ ಮೇಲಿಟ್ಟೆ. ರವಾನೆ ವಿಭಾಗದ ಗೆಳೆಯ ಬಂದ. ಮೇಲಧಿಕಾರಿಗಳೂ ಏನೋ ಕಡತ ಹುಡುಕುವವರ ಹಾಗೆ ಬಂದು ನಿಂತರು.

“ಸಾರ್, ನಿಮ್ಮ ಪರಿವಿಡಿ ಇದೆಯಲ್ಲ, ಅದ್ಭುತ” ಎಂದರು ಪ್ರಕಾಶಕರು.

ನಾನು ಸುತ್ತ ನೋಡಿದೆ. “ತಲೆಬರಹಗಳ ಮೇಲೆ ನಾನು ತುಂಬಾ ಶ್ರಮ ಪಟ್ಟಿದ್ದೀನಿ.”

“ಮುನ್ನೂರ ಹನ್ನೆರಡೂ ಓದಿದೆ. ಮನೇಲೂ ಓದಿ ಹೇಳಿದೆ. ನಮ್ಮ ಮನೆಯವಳು ‘ಆ ಹೆಂಗಸು ಯಾರು, ನನಗೆ ಮಾತಾಡಿಸ್ಬೇಕು’ ಅಂತ ಕೂತಿದ್ದಾಳೆ.”

ಮುನ್ನೂರ ಹನ್ನೆರಡು. ನನಗೆ ಲೆಕ್ಕ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು: ಇವಳ ಮುನ್ನೂರ ಹನ್ನೊಂದು, ಟೈಫಾಯ್ಡಿನ ಒಂದು ಸಾಲು. ಹೊಳೆದ ಮೇಲೆ ಫೋನಿನ ಗುಂಡಿ ಒತ್ತಿ ದನಿ ತಗ್ಗಿಸಲು ಹೋದೆ, ಅದು ಜಾಸ್ತಿಯಾಯಿತು.

“ಮತ್ತೆ... ಅಧ್ಯಾಯಗಳು?”

“ಯಾವ ಅಧ್ಯಾಯ?”

“ಕಾದಂಬರಿ ಸಾರ್. ಒಳಗೆ ಇದೆಯಲ್ಲ.”

“ಓ, ಅದಾ. ನೋಡಿದೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ಮಧ್ಯೆ ಸುಮ್ನೆ ಜಾಗ ಹಿಡಿದಿದೆ ಸಾರ್. ತೆಗೆದುಬಿಡೋಣ. ಒಂದು ಪುಟಕ್ಕೆ ಒಂದು ಮಾತು, ಪುಟ್ಟ ಪುಸ್ತಕ. ‘ಕೋಪ ಏನೂ ಇಲ್ಲ’ ಅಂತ ಹೆಸರು ಇಡೋಣ. ನೀವು ಒಪ್ಪೋದಾದ್ರೆ ಈ ವರ್ಷವೇ ತರ್ತೀನಿ.”

ಮೇಲಧಿಕಾರಿಗಳು ಕಡತ ಹುಡುಕುವುದನ್ನು ಬಿಟ್ಟು ನಕ್ಕರು. ಅವರು ನಗುವುದನ್ನು ನಾನು ಅಂದೇ ನೋಡಿದ್ದು.

ಸಂಜೆ ಮನೆಗೆ ಹೋಗಿ, ಬೂಟು ಬಿಚ್ಚುವ ಮೊದಲೇ ಇವಳನ್ನು ಕೇಳಿದೆ. “ಬರಬೇಕಾದ್ದು ಮಾತ್ರ ಬಂದಿದೆ ಅಂದ್ಯಲ್ಲ?”

“ಬಂದಿತ್ತಲ್ಲ” ಎಂದಳು. “ನಿಮ್ಮ ಅಧ್ಯಾಯದ ಹೆಸರುಗಳನ್ನ ಓದಿದ್ರೆ ಅವರು ಮುಂದಕ್ಕೆ ಓದ್ತಿರಲಿಲ್ಲ ರೀ. ನಾನು ಇಪ್ಪತ್ತೆರಡು ವರ್ಷದಿಂದ ಪರಿವಿಡಿ ಮಾಡ್ತಿದ್ದೀನಿ. ಜಡ್ಜು ಏನು ಓದ್ತಾರೆ, ಏನು ಓದಲ್ಲ ಅಂತ ಗೊತ್ತು. ಪುಸ್ತಕ ಬರಬೇಕು ಅಂತ ತಾನೇ ನಿಮಗೆ ಇದ್ದಿದ್ದು?”

ಇದಕ್ಕೆ ಉತ್ತರ ನನ್ನ ಅಂತರಂಗದಲ್ಲಿ ಧಾರಾಳವಾಗಿತ್ತು. ಹೊರಗೆ ಬಂದದ್ದು “ಹೂಂ” ಮಾತ್ರ.

ಪುಸ್ತಕ ಬಂದಿದೆ. ಮುಖಪುಟದ ಮೇಲೆ ಇವಳ ಹೆಸರಿದೆ. ಅತ್ತೆ ಅದನ್ನು ದಿನಕ್ಕೆರಡು ಸಲ ಗಟ್ಟಿಯಾಗಿ ಓದುತ್ತಾರೆ, ವೈದ್ಯರು ಕಣ್ಣು ಸುಧಾರಿಸಿದೆ ಎಂದಿದ್ದಾರೆ. ಕಚೇರಿಯಲ್ಲಿ ಈಗ ಯಾರೂ “ಕಾದಂಬರಿ ಹೇಗಿದೆ?” ಎಂದು ಕೇಳುವುದಿಲ್ಲ. ನಾನು ನಲ್ಲಿಯ ಹತ್ತಿರ ಹೋದರೆ ಮೂವರು ಏಕಕಂಠದಲ್ಲಿ ‘ಮನೇಲಿ ಒಂದು ನಲ್ಲಿ ನಿಲ್ಲಿಸೋಕೆ ಬರಲ್ಲ’ ಎನ್ನುತ್ತಾರೆ.

ಆದರೆ ನನ್ನ ಕೊಡುಗೆ ಅದರಲ್ಲಿ ಇಲ್ಲವೆಂದಲ್ಲ. ಅಚ್ಚಿಗೆ ಹೋಗುವ ಹಿಂದಿನ ದಿನ ಇವಳು ಕಂಪ್ಯೂಟರ್ ಮುಂದೆ ಕೂತು ನನ್ನನ್ನು ಕರೆದಿದ್ದಳು.

“ಹನ್ನೊಂದು ವರ್ಷ ಕಷ್ಟಪಟ್ಟಿದ್ದೀರಿ. ನಿಮ್ಮದೂ ಏನಾದ್ರೂ ಇರಬೇಕು ಅನ್ನಿಸ್ತು. ಪುಟದ ಕೆಳಗಡೆ ಜಾಗ ಇದೆ ನೋಡಿ. ಇಲ್ಲಿ ಒಂದ್ಸಲ ಹಾಕಿದ್ರೆ ಸಾಕು, ಎಲ್ಲಾ ಪುಟಕ್ಕೂ ತಾನಾಗೇ ಬರುತ್ತೆ.”

ಪುಸ್ತಕದ ಮುನ್ನೂರ ಹನ್ನೆರಡು ಪುಟಗಳಲ್ಲೂ, ಇವಳ ದಪ್ಪ ಮಾತಿನ ಕೆಳಗೆ, ಪುಟಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಹೂಂ’ ಎಂದಿದೆ. ಟವೆಲಿಗೂ ಹೂಂ, ಬಲ್ಬಿಗೂ ಹೂಂ, ಗೊರಕೆಗೂ ಹೂಂ. ಕೊನೆಯ ಪುಟದಲ್ಲಿ ‘ನಾನಿದ್ದೀನಿ, ಮಲಗಿ’ ಎಂದಿದೆ. ಅದರ ಕೆಳಗೂ ಅದೇ.

“ಸರಿ ತಾನೇ?” ಎಂದು ಇವಳು ಕೇಳಿದಳು.

ನಾನು ಏನಂದೆ ಎಂದು ಯಾವ ಪುಟ ತೆಗೆದರೂ ಸಿಗುತ್ತದೆ.